ಗೈರುಹಾಜರಾದ ಗುರುಗಳು

ಶಾಂತಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತದೆ. ಇದು ಹುಟ್ಟುಗುಣವಲ್ಲ, ಕಚೇರಿಯಲ್ಲಿ ಅಂಟಿಕೊಂಡದ್ದು. ನೀರು ಸರಬರಾಜು ಕಚೇರಿಯ ದೂರು ಕೌಂಟರಿನಲ್ಲಿ ಹನ್ನೆರಡು ವರ್ಷದಿಂದ ಕೂತಿರುವ ಗುಮಾಸ್ತ ನಾನು. ನಲ್ಲಿಯಲ್ಲಿ ನೀರು ಬಾರದವರು, ಬಂದ ನೀರು ನಿಲ್ಲದವರು, ನೀರೇ ಬಾರದೆ ಬಿಲ್ಲು ಮಾತ್ರ ಬಂದವರು ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಗಾಜಿನ ಒಂದು ತೂತಿನ ಮೂಲಕ ನನ್ನನ್ನು ಬಯ್ಯುತ್ತಾರೆ. ಕೊಳವೆ ಹಾಕಿದವನು ನಾನಲ್ಲ. ಒಡೆದವನು ನಾನಲ್ಲ. ರಿಪೇರಿ ಮಾಡಬೇಕಾದವನೂ ನಾನಲ್ಲ. ಆದರೆ ತೂತಿನ ಈಚೆಗಿರುವ ಮುಖ ನನ್ನದು.

ನಮ್ಮ ಕೌಂಟರಿಗೊಂದು ನಿಯಮವಿದೆ. ಬಂದವರು ಟೋಕನ್ ಪಡೆದು ಬೆಂಚಿನ ಮೇಲೆ ಕೂರಬೇಕು. ನಾನು ನಂಬರನ್ನು ಮೂರು ಸಲ ಕೂಗುತ್ತೇನೆ. ಅವರು ಬಾಯಿ ಬಿಟ್ಟು "ಇದೀನಿ" ಅನ್ನಬೇಕು. ಅನ್ನದಿದ್ದರೆ ಅವರ ದೂರಿನ ಮೇಲೆ "ಅರ್ಜಿದಾರರು ಗೈರುಹಾಜರು" ಎಂಬ ಮೊಹರು ಬೀಳುತ್ತದೆ. ದೂರು ವಿಲೇವಾರಿಯಾಯಿತು ಎಂದು ಲೆಕ್ಕ. ಮರುದಿನ ಹೊಸ ಟೋಕನ್, ಹೊಸ ಬೆಂಚು, ಹೊಸ ಹಣೆಬರಹ. ಕೂಗುವಾಗ ನಾನು ತಲೆ ಎತ್ತುವುದಿಲ್ಲ. ತಲೆ ಎತ್ತಿದರೆ ಕಣ್ಣಿಗೆ ಕಣ್ಣು ಸಿಗುತ್ತದೆ, ಕಣ್ಣು ಸಿಕ್ಕರೆ ಜಗಳ ಹತ್ತುತ್ತದೆ. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಅನುಭವ.

ಆ ದಿನ ಬೆಳಿಗ್ಗೆಯೇ ಗ್ರಹಚಾರ ಕೆಟ್ಟಿತ್ತು. ಮಗಳ ಒಂದು ಕಾಲುಚೀಲ ಸಿಗಲಿಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೇಲ್ವಿಚಾರಕಿ. ಐದೂವರೆಗೇ ಮನೆ ಬಿಡುತ್ತಾಳೆ. ಹಾಗಾಗಿ ಮಗಳನ್ನು ಎಬ್ಬಿಸುವುದು, ತಿನ್ನಿಸುವುದು, ಎರಡು ಜಡೆ ಹಾಕುವುದು, ಶಾಲೆಯ ಗೇಟಿನೊಳಗೆ ನೂಕುವುದು ಎಲ್ಲ ನನ್ನ ಪಾಲು. ಜಡೆ ಹಾಕುವುದರಲ್ಲಿ ನನ್ನನ್ನು ಮೀರಿಸುವ ಗುಮಾಸ್ತ ಇಡೀ ಇಲಾಖೆಯಲ್ಲಿಲ್ಲ ಎಂದು ಹೆಮ್ಮೆಯಿಂದ ಹೇಳಬಲ್ಲೆ. ಆದರೆ ಆ ದಿನ ಕಾಲುಚೀಲ ಹುಡುಕಿ ಬಸ್ಸು ತಪ್ಪಿ, ಓಡಿ, ಬೆವೆತು ಬಂದು ಕೂತಿದ್ದೆ. ಹನ್ನೊಂದಕ್ಕೆ ಒಬ್ಬ ಮಹಾಶಯ ತೂತಿಗೆ ಬಾಯಿಟ್ಟು ಕೇಳಿದ:

"ಇಲ್ಲಿ ಕೆಲಸ ಮಾಡೋರು ಯಾರಾದ್ರೂ ಇದಾರಾ, ಅಥವಾ ಎಲ್ಲಾ ಕೂತಿರೋರೇನಾ?"

ಕೈಯಲ್ಲಿದ್ದ ಮೊಹರನ್ನು ಎಸೆದೆ. ಅವನ ಮೇಲಲ್ಲ, ಗೋಡೆಗೆ. ಮನುಷ್ಯನಾದ ಮೇಲೆ ಅಷ್ಟೂ ಬೇಡವೇ? ಆದರೆ ಮೊಹರು ಗೋಡೆಗೆ ಬಡಿದು, ಪುಟಿದು, ಆಗತಾನೆ ಬಾಗಿಲಲ್ಲಿ ಕಾಲಿಡುತ್ತಿದ್ದ ನಮ್ಮ ಸಾಹೇಬರ ಎದೆಗೆ ಹೋಗಿ ಕೂತಿತು. ಬಿಳಿ ಅಂಗಿ. ಹೊಸ ಇಂಕು. "ಅರ್ಜಿದಾರರು ಗೈರುಹಾಜರು" ಎಂದು ಒಂದಕ್ಷರ ಮಸುಕಾಗದೆ ಮೂಡಿತು. ಹಾಲ್‌ನಲ್ಲಿದ್ದವರೆಲ್ಲ ಅದನ್ನು ಓದಿದರು.

"ಬಂದ್ಮೇಲೂ ಗೈರುಹಾಜರಿನಾ ಸಾಹೇಬ್ರೇ?" ಎಂದು ಹಿಂದಿನಿಂದ ಯಾರೋ ಕೇಳಿದರು. ಆ ನಗು ಇನ್ನೂ ನನ್ನ ಕಿವಿಯಲ್ಲಿದೆ.

ಹತ್ತು ನಿಮಿಷದ ಮೇಲೆ ನಾನು ಮಹಡಿಯಲ್ಲಿ ಸಾಹೇಬರ ಕೋಣೆಯಲ್ಲಿ ನಿಂತಿದ್ದೆ. ಅವರು ಒಂದು ಫೈಲನ್ನು ಎದೆಗೆ ಅಡ್ಡ ಹಿಡಿದುಕೊಂಡೇ ಮಾತಾಡಿದರು.

"ನಿನ್ನನ್ನ ಪಂಪ್‌ಹೌಸಿಗೆ ಹಾಕ್ತೀನಿ. ಅಲ್ಲಿ ಎಷ್ಟು ಬೇಕಾದ್ರೂ ಎಸೆದ್ಕೋ. ಕಪ್ಪೆಗಳಿವೆ, ಅವುಗಳ ಮೇಲೆ ಎಸೆ."

ಪಂಪ್‌ಹೌಸು ಊರಾಚೆ ಎರಡು ಗಂಟೆ ದಾರಿ. ಅಲ್ಲಿಗೆ ಹೋಗುವ ಬಸ್ಸು ಬೆಳಿಗ್ಗೆ ಆರಕ್ಕೆ ಒಂದೇ. ಆರಕ್ಕೆ ನಾನು ಬಸ್ಸು ಹತ್ತಿದರೆ ಏಳು ವರ್ಷದ ನನ್ನ ಮಗಳನ್ನು ಎಬ್ಬಿಸುವವರು ಯಾರು? ಶಾಲೆಗೆ ಬಿಡುವವರು ಯಾರು? ಹೆಂಡತಿ ಕೆಲಸ ಬಿಡಬೇಕು, ಇಲ್ಲವೇ ಮಗಳು ಶಾಲೆ ಬಿಡಬೇಕು. ಕಾಲ ಕೆಳಗಿನ ನೆಲ ಜಾರಿತು. ಜಾರುವಾಗ ಮನುಷ್ಯ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ನನಗೆ ಸಿಕ್ಕಿದ್ದು ಗೋಡೆಯ ಮೇಲಿನ ಕ್ಯಾಲೆಂಡರು. ಅದರಲ್ಲಿ ಬುದ್ಧ ಕಣ್ಣು ಮುಚ್ಚಿ ಕೂತಿದ್ದ.

"ಸರ್, ಇನ್ಮೇಲೆ ಸಿಟ್ಟು ಮಾಡ್ಕೊಳಲ್ಲ. ನಾನು ಧ್ಯಾನ ಮಾಡ್ತಿದೀನಿ ಸರ್. ಬೌದ್ಧ ಧ್ಯಾನ."

"ನೀನು?"

"ಗುರುಗಳಿದಾರೆ ಸರ್. ತುಂಬ ದೊಡ್ಡವರು. ಹೆಸರು ಹೇಳ್ಕೊಳೋದು ಅವರಿಗೆ ಇಷ್ಟ ಇಲ್ಲ."

ನಾಲಿಗೆಗೆ ಎಲುಬಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಸಾಹೇಬರ ಕೈಯಿಂದ ಫೈಲು ನಿಧಾನವಾಗಿ ಕೆಳಗಿಳಿಯಿತು. ಮುಖ್ಯ ಕಚೇರಿಗೆ ಹೊಸದಾಗಿ ಬಂದಿರುವ ನಿರ್ದೇಶಕಿ ದಿನಾ ಒಂದು ಗಂಟೆ ಧ್ಯಾನಕ್ಕೆ ಕೂರುವವರಂತೆ. ಸಿಬ್ಬಂದಿಯೂ ಕೂರಲಿ ಎಂದು ಸುತ್ತೋಲೆ ಕಳಿಸಿದ್ದರಂತೆ. ಇಪ್ಪತ್ತನೇ ತಾರೀಕು ತಪಾಸಣೆಗೆ ಬರುತ್ತಾರಂತೆ. ಅವರಿಗೆ ತೋರಿಸಲು ನಮ್ಮಲ್ಲಿ ಏನೂ ಇರಲಿಲ್ಲ.

"ಇಪ್ಪತ್ತಕ್ಕೆ ನಿನ್ನ ಗುರುಗಳನ್ನ ಈ ಕೋಣೆಗೆ ಕರ್ಕೊಂಡು ಬಾ," ಎಂದರು ಸಾಹೇಬರು. "ಬಂದ್ರೆ ಕೌಂಟರು. ಬರದಿದ್ರೆ ಪಂಪ್‌ಹೌಸು. ಹೋಗು, ಶಾಂತವಾಗಿ ಹೋಗು."

ಮೂರು ವಾರವಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ನಗಲೂ ಇಲ್ಲ, ಅಳಲೂ ಇಲ್ಲ. "ಧ್ಯಾನವಾ? ನೀವಾ? ಹಲ್ಲುಜ್ಜುವಾಗ ಬ್ರಷ್ಷಿನ ಜೊತೆ ಜಗಳ ಆಡೋ ಮನುಷ್ಯ ನೀವು!" ಎಂದಳು. ಆಮೇಲೆ ಮೆಲ್ಲಗೆ, "ಗುರುಗಳನ್ನ ಎಲ್ಲಿಂದಾದ್ರೂ ಹಿಡ್ಕೊಂಡು ಬನ್ನಿ ರೀ. ನಾನು ಕೆಲಸ ಬಿಡೋಕಾಗಲ್ಲ," ಎಂದಳು. ಅವಳ ತಮ್ಮ ಅಲ್ಲೇ ಇದ್ದ. ಜಗತ್ತಿನ ಎಲ್ಲ ರೋಗಕ್ಕೂ ಫೋನಿನಲ್ಲಿ ಮದ್ದಿದೆ ಎಂದು ನಂಬಿರುವ ಜೀವ ಅದು.

"ಭಾವ, ಗುರು ಯಾಕೆ? ಇದರಲ್ಲೇ ಇದಾರೆ ನೋಡಿ," ಎಂದು ಫೋನನ್ನು ನನ್ನ ಮುಂದಿಟ್ಟ.

ಕಣ್ಣು ಮುಚ್ಚಿದೆ. "ಉಸಿರು ಒಳಗೆ ಬರುತ್ತಿದೆ... ಗಮನಿಸಿ. ಉಸಿರು ಹೊರಗೆ ಹೋಗುತ್ತಿದೆ... ಗಮನಿಸಿ," ಎಂದಿತು ಒಂದು ಜೇನಿನಂಥ ದನಿ. ನಿಜ ಹೇಳುತ್ತೇನೆ, ಮೂರನೆಯ ಉಸಿರಿಗೆ ಎದೆ ಹಗುರಾಯಿತು. ನಾಲ್ಕನೆಯದಕ್ಕೆ ಅದೇ ಫೋನು ಇದ್ದಕ್ಕಿದ್ದಂತೆ ಅರಚಿತು: "ಸೋರುವ ಕೊಳವೆಗಳಿಂದ ಬೇಸತ್ತಿದ್ದೀರಾ?"

ಫೋನು ಸೋಫಾದ ಮೇಲೆ ಬಿದ್ದದ್ದರಿಂದ ಒಡೆಯಲಿಲ್ಲ. ಭಾವಮೈದುನ ಮಾತ್ರ ಎರಡು ದಿನ ಮಾತು ಬಿಟ್ಟ.

ಶನಿವಾರ ಧ್ಯಾನಕೇಂದ್ರಕ್ಕೇ ಹೋದೆ. ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಒಬ್ಬ ಕಾವಲುಗಾರ ತಲೆ ಬಗ್ಗಿಸಿ ಏನೋ ಬರೆಯುತ್ತಿದ್ದ. ಹದಿನಾಲ್ಕು ಪುಟದ ಫಾರಂ ಕೊಟ್ಟ. ಒಂಬತ್ತನೆಯ ಪುಟದಲ್ಲಿ "ನಿಮಗೆ ಆಗಾಗ ಸಿಟ್ಟು ಬರುತ್ತದೆಯೇ?" ಎಂದಿತ್ತು. "ಇಲ್ಲ" ಎಂದು ಎಷ್ಟು ಒತ್ತಿ ಬರೆದೆನೆಂದರೆ ಹನ್ನೊಂದನೆಯ ಪುಟದವರೆಗೆ ತೂತಾಯಿತು.

"ಹತ್ತು ದಿನದ ಶಿಬಿರ. ಮಾತಾಡೋ ಹಾಗಿಲ್ಲ. ಸೀಟು ಎಂಟು ತಿಂಗಳ ಮೇಲೆ," ಎಂದ ಕಾವಲುಗಾರ.

"ನನಗೆ ಶಿಬಿರ ಬೇಡಣ್ಣ. ಗುರುಗಳನ್ನ ಒಂದು ಗಂಟೆ ಕಳಿಸ್ಕೊಡಿ, ಸಾಕು. ನಾನೇ ವಾಪಸ್ ತಂದು ಬಿಡ್ತೀನಿ."

"ಇದೇನು ಬಾಡಿಗೆ ಕುರ್ಚಿ ಅಂಗಡಿ ಅಂದ್ಕೊಂಡ್ರಾ? ಈಗ ಊಟದ ಹೊತ್ತು. ಮೂರರ ಮೇಲೆ ಬನ್ನಿ." ಇಷ್ಟನ್ನೂ ಅವನು ತಲೆ ಎತ್ತದೆ ಹೇಳಿದ.

ನನಗೆ ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು. ಎರಡು ಬಸ್ಸು ಬದಲಿಸಿ ಬಂದ ಮನುಷ್ಯನ ಮುಖವನ್ನಾದರೂ ನೋಡಬಾರದೇ? ಇಂಥವರನ್ನು ಗೇಟಿನಲ್ಲಿ ಕೂರಿಸಿದರೆ ಶಾಂತಿ ಹೇಗೆ ಹೊರಗೆ ಬರಬೇಕು? ಇದನ್ನೆಲ್ಲ ಅವನಿಗೆ ಜೋರಾಗಿಯೇ ಕೇಳಿದೆ. ಒಳಗಿನಿಂದ ಮೌನದಲ್ಲಿದ್ದ ನಲವತ್ತು ಜನ ಕಿಟಕಿಗೆ ಬಂದು ನಿಂತು ನನ್ನನ್ನು ನೋಡಿದರು. ಮಾತಾಡುವ ಹಾಗಿಲ್ಲವಾದ್ದರಿಂದ ಯಾರೂ ಏನೂ ಅನ್ನಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

ಸೋಮವಾರ ಕೌಂಟರಿನಲ್ಲಿ ಕೂತು ಮೂವತ್ತೇಳನೇ ನಂಬರನ್ನು ಮೂರು ಸಲ ಕೂಗಿದೆ. ಉತ್ತರವಿಲ್ಲ. ಮೊಹರು ಒತ್ತಿದೆ. ಒತ್ತಿದ ಮೇಲೆ ಕತ್ತು ಹಿಡಿದಂತಾಗಿ ತಲೆ ಎತ್ತಿದೆ. ಆಗ ಕಂಡರು.

ಎರಡನೇ ಬೆಂಚಿನಲ್ಲಿ ಐವತ್ತರ ಆಸುಪಾಸಿನ ಒಬ್ಬರು. ಬೆನ್ನು ನೆಟ್ಟ ಗಳದಂತೆ ನೇರ. ಸುತ್ತ ಜನ ಗೊಣಗುತ್ತ, ಆಕಳಿಸುತ್ತ, ಟೋಕನ್ನಿನಲ್ಲಿ ಕಿವಿ ಕೆರೆಯುತ್ತ ಕೂತಿದ್ದರೆ, ಅವರ ತುಟಿ ಅಲುಗುತ್ತಿಲ್ಲ. ಕಣ್ಣು ಅರ್ಧ ಮುಚ್ಚಿದೆ. ಬಲಗೈ ಎದೆಯ ಮಟ್ಟಕ್ಕೆ ಎತ್ತಿದೆ, ಅಂಗೈ ನನ್ನ ಕಡೆಗೆ. ಸಾಹೇಬರ ಕ್ಯಾಲೆಂಡರಿನ ಮುಂದಿನ ತಿಂಗಳ ಚಿತ್ರದಲ್ಲಿ ಬುದ್ಧ ಹಾಗೇ ಕೈ ಎತ್ತಿದ್ದಾನೆ; ಕೆಳಗೆ "ಅಭಯಮುದ್ರೆ" ಎಂದು ಬರೆದಿದೆ. ಹೆದರಬೇಡ ಎಂದು ಅರ್ಥ.

ಮಂಗಳವಾರವೂ ಬಂದರು. ಬುಧವಾರವೂ. ಪ್ರತಿದಿನ ನಾನು ಯಾವುದೋ ಒಂದು ನಂಬರಿಗೆ ಮೊಹರು ಒತ್ತಿ ತಲೆ ಎತ್ತಿದರೆ, ಅದೇ ಬೆನ್ನು, ಅದೇ ಮೌನ, ಅದೇ ಕೈ. ನೀರಿನ ಕಚೇರಿಯಲ್ಲಿ ಮೂರು ದಿನ ಬಯ್ಯದೆ ಕೂರುವ ಮನುಷ್ಯ ಸಾಮಾನ್ಯನಲ್ಲ. ಹುಡುಕಿಕೊಂಡು ಊರೆಲ್ಲ ಸುತ್ತಿದೆನಲ್ಲ, ಗುರುಗಳೇ ನನ್ನ ಬೆಂಚಿಗೆ ಬಂದು ಕೂತಿದ್ದರು!

ಮಧ್ಯಾಹ್ನದ ವಿರಾಮದಲ್ಲಿ ಹೋಗಿ ಎದುರು ನಿಂತೆ. "ಗುರುಗಳೇ," ಎಂದೆ.

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಜೇಬಿನಿಂದ ಒಂದು ಕಾಗದ ತೆಗೆದು ಮುಂದೆ ಹಿಡಿದರು. ಊಟದ ವಿರಾಮದಲ್ಲಿ ಯಾವ ಕಾಗದವನ್ನೂ ಮುಟ್ಟುವುದಿಲ್ಲ ಎಂಬುದು ನನ್ನ ಹನ್ನೆರಡು ವರ್ಷದ ಶಿಸ್ತು. "ನಮ್ಮಿಬ್ಬರ ಮಧ್ಯೆ ಕಾಗದ ಯಾಕೆ ಗುರುಗಳೇ?" ಎಂದು ಅದನ್ನು ಮೆಲ್ಲಗೆ ಸರಿಸಿದೆ. ನನ್ನ ಕಥೆಯನ್ನೆಲ್ಲ ಹೇಳಿಕೊಂಡೆ: ಮೊಹರು, ಪಂಪ್‌ಹೌಸು, ಮಗಳ ಶಾಲೆ. "ಇಪ್ಪತ್ತಕ್ಕೆ ಒಂದೇ ಒಂದು ಗಂಟೆ. ನೀವು ಸಾಹೇಬರ ಕೋಣೆ ಒಳಗೆ ಬಂದು ನಿರ್ದೇಶಕಿ ಮೇಡಂ ಎದುರಿಗೆ ಹೀಗೇ ಕೂತ್ರೆ ಸಾಕು."

"ಸಾಹೇಬರ ಕೋಣೆ ಒಳಗೆ" ಎಂದಾಗ ಅವರ ಅರ್ಧ ಕಣ್ಣು ಪೂರ್ತಿ ತೆರೆಯಿತು. "ನಿರ್ದೇಶಕಿ" ಎಂದಾಗ ಕಾಗದ ಮಡಚಿ ಜೇಬಿಗೆ ಹೋಯಿತು. ತಲೆ ಎರಡು ಸಲ ಆಡಿತು. ಎಂಥ ಕರುಣೆ! ನನ್ನ ಕಣ್ಣಲ್ಲಿ ನೀರು ಬಂತು. ಬಾಗಿ ವಂದಿಸಿದೆ.

ನೋಡಿ, ಅಲ್ಲೇ ಎಡವಟ್ಟಾದದ್ದು. ದೂರು ಕೌಂಟರಿನ ಗುಮಾಸ್ತ ಹೊರಗೆ ಬಂದು ಒಬ್ಬ ಅರ್ಜಿದಾರನಿಗೆ ಬಾಗಿದ್ದನ್ನು ಅರವತ್ತು ಜನ ಕಣ್ಣಾರೆ ಕಂಡರು. ಅಂಥದ್ದು ಆ ಕಟ್ಟಡದಲ್ಲಿ ಹಿಂದೆಂದೂ ನಡೆದಿರಲಿಲ್ಲ.

"ಅದೇನು ಮಾಡಿದ್ರು ಅವರು?" ಎಂದು ಒಬ್ಬಾಕೆ ಪಕ್ಕದವನನ್ನು ಕೇಳಿದಳು.

"ಏನೂ ಮಾಡಿಲ್ಲಮ್ಮ. ಸುಮ್ನೆ ನೆಟ್ಟಗೆ ಕೂತು ಕೈ ಎತ್ತಿದ್ರು. ಹೊಸ ರೂಲ್ಸ್ ಇರ್ಬೇಕು."

ಮರುದಿನ ಮೊದಲನೇ ಬೆಂಚಿನವರೆಲ್ಲ ನೆಟ್ಟಗೆ ಕೂತಿದ್ದರು. ಅದರ ಮರುದಿನ ಹಾಲ್‌ನಲ್ಲಿದ್ದವರೆಲ್ಲ. ನಂಬರು ಕೂಗಿದರೆ ಸದ್ದಿಲ್ಲ. ಮೊಹರು ಒತ್ತಿ ತಲೆ ಎತ್ತಿದರೆ ಒಂದೊಂದು ಕೈ ಮೇಲೆ. ಇವರೆಲ್ಲ ದೂರು ಮರೆತು ಶಾಂತಿಗಾಗಿ ಬರುತ್ತಿದ್ದಾರೆಂದು ನಾನು ತಿಳಿದೆ. ಇಷ್ಟು ಜನ ಎದುರಿಗೆ ಇರುವಾಗ ಗೈರುಹಾಜರಿ ಹಾಕುವುದು ಸರಿಯೇ ಎಂದು ಒಮ್ಮೆ ಅನ್ನಿಸಿದ್ದು ನಿಜ. ಆದರೆ ನಿಯಮದಲ್ಲಿ ಬಾಯಿ ಎಂದಿದೆಯೇ ಹೊರತು ಕೈ ಎಂದಿಲ್ಲ. ಟಪ್, ಟಪ್, ಟಪ್. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಮೂರು ಗಂಟೆಗೇ ನನ್ನ ಮೇಜು ಖಾಲಿಯಾಯಿತು. ಯಾರೂ ಬಯ್ಯಲಿಲ್ಲ.

ಸಾಹೇಬರು ಮಹಡಿಯಿಂದ ಇಳಿದು ಬಂದು ರಿಜಿಸ್ಟರು ತಿರುವಿದರು. "ನೂರಕ್ಕೆ ನೂರು ವಿಲೇವಾರಿ! ಇದು ಧ್ಯಾನದ ಪವರ್ರು ಕಣಯ್ಯ!" ಎಂದು ಬೆನ್ನು ತಟ್ಟಿದರು. ಮುಖ್ಯ ಕಚೇರಿಗೆ ವರದಿಯನ್ನೂ ಕಳಿಸಿದರು. ಅವರ ಕೋಣೆಯ ಜವಾನ ಮಾತ್ರ ಎರಡನೇ ಬೆಂಚಿನ ಕಡೆ ನೋಡಿ ತಲೆ ಕೆರೆದುಕೊಂಡ. "ಈ ಮುಖ ಎಲ್ಲೋ ನೋಡಿದೀನಿ ಸ್ವಾಮಿ. ಆದ್ರೆ ಬಾಯಿ ಮುಚ್ಕೊಂಡಿರೋದನ್ನ ನೋಡಿಲ್ಲ."

ಭಾನುವಾರ ಗುರುಗಳನ್ನು ಮನೆಗೆ ಕರೆದೆ. ಬಂದರು, ಹೇಳಿದ ಕುರ್ಚಿಯಲ್ಲಿ ಕಂಬದಂತೆ ಕೂತರು. ಸುದ್ದಿ ಹೇಗೆ ಹಬ್ಬಿತೋ, ಎದುರುಮನೆಯ ನಿವೃತ್ತ ಗಣಿತದ ಮೇಷ್ಟ್ರು ನೋಟ್‌ಪುಸ್ತಕ ಹಿಡಿದು ಹಾಜರು.

"ಗುರುಗಳೇ, ಮನಸ್ಸು ಒಂದೋ ಅನೇಕವೋ?"

ಮೌನ.

"ಆಹಾ! ಒಂದೂ ಅಲ್ಲ, ಅನೇಕವೂ ಅಲ್ಲ!" ಎಂದು ಮೇಷ್ಟ್ರು ಬರೆದುಕೊಂಡರು. "ಹಾಗಾದ್ರೆ ಸೊನ್ನೆಯೇ?"

ಗುರುಗಳು ಮೇಷ್ಟ್ರನ್ನು ದುರುಗುಟ್ಟಿ ನೋಡಿದರು.

"ಸೊನ್ನೆಯೂ ಅಲ್ಲ!" ಮೇಷ್ಟ್ರ ದನಿ ನಡುಗಿತು. "ಮೂವತ್ತಾರು ವರ್ಷ ಪಾಠ ಮಾಡಿದೆ. ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಕಣ್ರೀ."

ಭಾವಮೈದುನ ತನಗೆ ಬಡ್ತಿ ಯಾವಾಗ ಎಂದು ಕೇಳಿದ. ಗುರುಗಳು ಕೈ ಎತ್ತಿ ಸಾಕು ಎನ್ನುವಂತೆ ತಡೆದರು. "ಐದು ಬೆರಳು! ಐದು ತಿಂಗಳು!" ಎಂದು ಅವನು ಕುಣಿದಾಡಿದ. ಅವರು ಹೊರಟ ಮೇಲೆ ಹೆಂಡತಿ ಲೋಟಗಳನ್ನು ಎತ್ತುತ್ತಾ ಹೇಳಿದಳು:

"ಅವರ ಕಿವಿ ನೋಡಿದ್ರಾ ರೀ? ಕೆಂಡದ ಹಾಗಿತ್ತು. ಅದು ಶಾಂತಿ ಅಲ್ಲ. ನಮ್ಮಪ್ಪಂಗೂ ಹಾಗೇ ಆಗ್ತಿತ್ತು, ತಟ್ಟೆ ಎಸೆಯೋಕೆ ಮುಂಚೆ."

"ಅದು ತೇಜಸ್ಸು ಕಣೇ," ಎಂದೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಏನು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಈ ಗಾದೆಯಲ್ಲಿ ಕೋಣ ಯಾರು ಎಂಬುದು ಆಗ ನನಗೆ ಗೊತ್ತಿರಲಿಲ್ಲ, ಅಷ್ಟೇ.

ಇಪ್ಪತ್ತನೇ ತಾರೀಕು ಬಂತು. ಸಾಹೇಬರ ಕೋಣೆಯ ಮೇಜನ್ನು ಗೋಡೆಗೆ ತಳ್ಳಿ ನೆಲಕ್ಕೆ ಜಮಖಾನ ಹಾಸಿದ್ದೆವು. ಹನ್ನೊಂದಕ್ಕೆ ನಿರ್ದೇಶಕಿ ಬಂದರು. ಸಣ್ಣ ಮೈಕಟ್ಟು, ಚಪ್ಪಟೆ ಚಪ್ಪಲಿ, ಕೈಯಲ್ಲಿ ಏನೂ ಇಲ್ಲ. ದೊಡ್ಡ ಅಧಿಕಾರಿಗಳು ಕೈಯಲ್ಲಿ ಏನೂ ಇಲ್ಲದೆ ಬಂದರೆ ಹೆದರಬೇಕು.

"ಎರಡು ವಾರದಲ್ಲಿ ನಾನೂರ ಹನ್ನೆರಡು ದೂರು ವಿಲೇವಾರಿ ಮೇಡಂ! ಒಂದೂ ಬಾಕಿ ಇಲ್ಲ. ಎಲ್ಲಾ ಇವರಿಂದ," ಎಂದು ಸಾಹೇಬರು ಗುರುಗಳನ್ನು ತೋರಿಸಿದರು. "ಇವನು ಇವರ ಶಿಷ್ಯ."

ನಾನು ಆದಷ್ಟು ಶಿಷ್ಯನ ಹಾಗೆ ನಿಂತೆ.

ನಿರ್ದೇಶಕಿ ಗುರುಗಳ ಎದುರು ಜಮಖಾನದ ಮೇಲೆ ಕೂತು, ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ತುಂಬ ಮೃದುವಾಗಿ ಕೇಳಿದರು: "ಎಷ್ಟು ಕಾಲದಿಂದ ಕೂರ್ತಿದೀರಿ?"

ಗುರುಗಳು ಗೋಡೆಯ ಗಡಿಯಾರ ನೋಡಿದರು. ಗಂಟಲು ಸರಿಮಾಡಿಕೊಂಡರು. ಬಾಯಿ ತೆರೆದರು.

"ಹನ್ನೊಂದು ತಿಂಗಳಿಂದ!"

ಕಿಟಕಿಯ ಗಾಜು ಅದುರಿತು. ಬಾಗಿಲಲ್ಲಿದ್ದ ಜವಾನ, "ಆ, ಈಗ ಗೊತ್ತಾಯ್ತು!" ಎಂದ.

"ಹನ್ನೊಂದು ತಿಂಗಳಿಂದ ಕೂತಿದೀನಿ ತಾಯಿ! ಹತ್ತು ತಿಂಗಳು ಈ ಮಹಡೀಲಿ, ಇವರ ಬಾಗಿಲಾಚೆ! ಒಳಗೆ ಬಿಡ್ಲಿಲ್ಲ! ಹೊಸ ದೂರು ಕೊಡು ಅಂತ ಕೆಳಗೆ ಅಟ್ಟಿದ್ರು! ಮೂವತ್ತು ದಿನದಿಂದ ಇವನ ಬೆಂಚಲ್ಲಿ ಕೂತಿದೀನಿ!"

ಸಾಹೇಬರ ಮುಖ ಬಿಳಿಚಿತು. "ಇದು... ಬೌದ್ಧರಲ್ಲಿ ಸಿಂಹನಾದ ಅಂತಾರಲ್ಲ ಮೇಡಂ, ಅದು," ಎಂದರು.

"ಸುಮ್ನಿರ್ರೀ!" ಎಂದಿತು ಸಿಂಹ.

ಅವರು ತರಕಾರಿ ಮಂಡಿಯಲ್ಲಿ ಹರಾಜು ಕೂಗುವವರು. ಬೆಳಗಿನ ಜಾವ ನೂರು ಮೂಟೆಗಳ ನಡುವೆ ನಿಂತು ದರ ಕೂಗುವುದೇ ಅವರ ಬದುಕು. ನಮ್ಮ ಕೊಳವೆ ಅವರ ಮನೆಯ ಕೆಳಗೇ ಒಡೆದಿತ್ತು. "ನಲ್ಲೀಲಿ ಬರಬೇಕಾದ ನೀರು ನೆಲದಲ್ಲಿ ಬರ್ತಿದೆ ತಾಯಿ! ನಮ್ಮಮ್ಮನ ಮಂಚದ ಕೆಳಗೆ ನಾಲ್ಕು ನಾಲ್ಕು ಇಟ್ಟಿಗೆ ಇಟ್ಟಿದೀನಿ. ಆ ಒದ್ದೆ ನೆಲದಲ್ಲೇ ಜಾರಿ ಬಿದ್ದೆ!" ಎಂದು ಅಂಗಿ ಎತ್ತಿ ತೋರಿಸಿದರು. ಸೊಂಟದಿಂದ ಎದೆಯವರೆಗೆ ಆಸ್ಪತ್ರೆಯ ದಪ್ಪ ಬೆಲ್ಟು. ಗಳದಂಥ ಬೆನ್ನಿನ ರಹಸ್ಯ ಅದು. ಈ ಮಹಡಿಯಲ್ಲಿ ಹತ್ತು ತಿಂಗಳು ಕಿರುಚಿ ಕಿರುಚಿ ಗಂಟಲು ಹುಣ್ಣಾಗಿ, ಮೂವತ್ತು ದಿನ ಒಂದು ಮಾತೂ ಆಡಬಾರದು, ಆಡಿದರೆ ದನಿ ಹೋಗುತ್ತದೆ ಎಂದು ಡಾಕ್ಟರು ಬಾಯಿಗೆ ಬೀಗ ಹಾಕಿದ್ದರು. ಅದು ಇವತ್ತು ಹತ್ತು ಗಂಟೆಗೆ ಮುಗಿದಿತ್ತು.

"ಇವನು ನಂಬರು ಕೂಗ್ತಾನೆ. ನಾನು ಬಾಯಿ ಬಿಡಂಗಿಲ್ಲ, ಕೈ ಎತ್ತುತೀನಿ. ಇವನು ತಲೆನೇ ಎತ್ತಲ್ಲ! ಟಪ್ ಅಂತ ಒತ್ತುತ್ತಾನೆ. ಒತ್ತಿ ಆದ್ಮೇಲೆ ನನ್ನ ಕೈ ನೋಡಿ ನಗ್ತಾನೆ! ಇಪ್ಪತ್ತೆರಡು ಸಲ ಗೈರುಹಾಜರಿ ಹಾಕಿದಾನೆ ತಾಯಿ, ಎದುರಿಗೇ ಕೂತೋನಿಗೆ!"

ಎಲ್ಲರೂ ನನ್ನ ಕಡೆ ತಿರುಗಿದರು. ನಿರ್ದೇಶಕಿ ರಿಜಿಸ್ಟರು ತರಿಸಿದರು. ಒಂದೊಂದೇ ಪುಟ ತಿರುವಿದರು. ಗೈರುಹಾಜರು, ಗೈರುಹಾಜರು, ಗೈರುಹಾಜರು. ನಾನೂರ ಹನ್ನೆರಡು.

"ಬಾಯಲ್ಲೇ ಉತ್ತರ ಕೊಡ್ಬೇಕು ಅಂತ ಸಾಹೇಬರೇ ಸಹಿ ಹಾಕಿರೋ ನಿಯಮ ಮೇಡಂ," ಎಂದೆ.

"ನಿಯಮ ನಂದೇ ಇರ್ಬಹುದು," ಎಂದರು ಸಾಹೇಬರು. "ಕಣ್ಣು ನಿಂದಲ್ವೇನಯ್ಯಾ?"

ಆ ಮನುಷ್ಯ ಇಷ್ಟು ವರ್ಷದಲ್ಲಿ ಆಡಿದ ಒಂದೇ ಒಂದು ಸರಿಯಾದ ಮಾತು ಅದು. ಅದಕ್ಕೇ ನನಗೆ ತಡೆಯಲಾರದಷ್ಟು ಸಿಟ್ಟು ಬಂತು. ಸಾಹೇಬರ ಮೇಲೆ, ನಿಯಮದ ಮೇಲೆ, ಕ್ಯಾಲೆಂಡರಿನ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡು ದಿನ ಒಬ್ಬ ಮನುಷ್ಯ ನನ್ನೆದುರು ಕೈ ಎತ್ತಿದ್ದಾಗ ಅದರಲ್ಲಿ ನನ್ನ ಕಷ್ಟಕ್ಕೆ ಮಾತ್ರ ಅಭಯ ಕಂಡ ನನ್ನ ಮೇಲೆ. ಎಸೆಯಲು ಕೈಯಲ್ಲಿ ಏನೂ ಇರಲಿಲ್ಲ.

"ಇವರು ನನ್ನ ಗುರುಗಳಲ್ಲ ಮೇಡಂ," ಎಂದೆ. "ನನಗೆ ಗುರುಗಳೇ ಇಲ್ಲ. ಸುಳ್ಳು ಹೇಳಿದೆ. ಪಂಪ್‌ಹೌಸಿಗೆ ಹಾಕಿದ್ರೆ ನನ್ನ ಮಗಳನ್ನ ಶಾಲೆಗೆ ಬಿಡೋರು ಯಾರೂ ಇಲ್ಲ, ಅದಕ್ಕೆ ಹೇಳಿದೆ."

ನಿರ್ದೇಶಕಿ ಬಯ್ಯಲಿಲ್ಲ. ಜಮಖಾನವನ್ನು ತಟ್ಟಿ, "ಕೂತ್ಕೊಳಿ," ಎಂದರು. "ನೀವೂ," ಎಂದು ಸಾಹೇಬರಿಗೂ ಹೇಳಿದರು. "ಇವರ ಮನೆ ಕೊಳವೆ ಸರಿ ಹೋಯ್ತು ಅಂತ ಸುದ್ದಿ ಬರೋವರೆಗೆ ಎಲ್ಲರೂ ಧ್ಯಾನ ಮಾಡೋಣ. ಅಲ್ಲೀವರೆಗೆ ಯಾರೂ ಏಳೋದು ಬೇಡ."

ಸಾಹೇಬರು ಮೂವತ್ತು ವರ್ಷದಿಂದ ನೆಲಕ್ಕೆ ಕೂತವರಲ್ಲ. ಹತ್ತನೇ ನಿಮಿಷಕ್ಕೆ ಬೆವರಿದರು. ಹದಿನೈದಕ್ಕೆ ನರಳಿದರು. ಇಪ್ಪತ್ತಕ್ಕೆ ಕೂತಲ್ಲಿಂದಲೇ ಫೋನು ಹಚ್ಚಿ, "ಹೋಗ್ರೋ! ಎಲ್ಲರೂ ಹೋಗ್ರೋ! ಗುದ್ದಲಿ ಇಲ್ಲದಿದ್ರೆ ಕೈಯಲ್ಲೇ ಅಗೀರಿ!" ಎಂದು ಗೋಗರೆದರು. ಹನ್ನೊಂದು ತಿಂಗಳು ಆಗದ ಕೆಲಸ ಮೂರು ಗಂಟೆ ನಲವತ್ತು ನಿಮಿಷದಲ್ಲಿ ಆಯಿತು. ಬೌದ್ಧ ಧ್ಯಾನದ ಬಗ್ಗೆ ನಾನು ಕಣ್ಣಾರೆ ಕಂಡ ಪವಾಡ ಇದೊಂದೇ. ಸಾಹೇಬರನ್ನು ಇಬ್ಬರು ಹಿಡಿದು ಎತ್ತಬೇಕಾಯಿತು.

ಏಳುವಾಗ ನಿರ್ದೇಶಕಿ ನನಗೆ ಹೇಳಿದರು: "ಗುರು ಸಿಗೋದು ಕಷ್ಟ, ಸಿಗದಿದ್ರೂ ನಡೆಯುತ್ತೆ. ಜೊತೆಗಾರ ಬೇಕು. ಕಲ್ಯಾಣಮಿತ್ರ ಅಂತಾರೆ. ನಿಮ್ಮ ತಪ್ಪನ್ನ ನಿಮ್ಮ ಮುಖದ ಮೇಲೆ ಹೇಳೋ ಗೆಳೆಯ."

"ನಾನು ಹೇಳ್ತೀನಿ ತಾಯಿ!" ಎಂದರು ಹರಾಜಿನವರು. "ಪಟ್ಟಿನೇ ಇದೆ ನನ್ನ ಹತ್ರ!"

ಆಮೇಲೆ ನಿರ್ದೇಶಕಿ ನನ್ನ ಆದೇಶ ಬರೆದರು. ಪಂಪ್‌ಹೌಸಿನ ವರ್ಗಾವಣೆ ರದ್ದಿಲ್ಲ. ಸುಳ್ಳು ಹೇಳಿದ್ದಕ್ಕೆ ಅದು ಇದ್ದೇ ಇದೆ. ಆದರೆ ಕೌಂಟರಿನಲ್ಲಿ ಬಾಕಿ ದೂರುಗಳೆಲ್ಲ ಮುಗಿದು ಸೊನ್ನೆಯಾಗುವ ದಿನದವರೆಗೆ ನಾನು ಇಲ್ಲೇ ಇರಬೇಕು. ಗೈರುಹಾಜರಿ ಹಾಕಿದ ನಾನೂರ ಹನ್ನೆರಡು ಜನರನ್ನೂ ಕರೆಸಬೇಕು. ತಲೆ ಎತ್ತಿ ಕೂಗಬೇಕು. ಕಣ್ಣು ಕಂ‍ಡು, ಮಾತು ಕೇಳಿ, ಕೊಳವೆ ಸರಿಹೋದ ಮೇಲೆಯೇ ವಿಲೇವಾರಿ. ಬರಿಗೈಯಲ್ಲಿ ಬಂದಿದ್ದ ಅವರು ಹೋಗುವಾಗ ಮೊಹರನ್ನು ಕೈಯಲ್ಲಿ ಹಿಡಿದುಕೊಂಡು ಹೋದರು.

ಮನೆಯಲ್ಲಿ ಹೆಂಡತಿ ಆದೇಶವನ್ನು ಎರಡು ಸಲ ಓದಿದಳು. "ಅಂದ್ರೆ ನೀವು ಬೇಗ ಕೆಲಸ ಮಾಡಿದ್ರೆ ಬೇಗ ಪಂಪ್‌ಹೌಸು. ನಿಧಾನ ಮಾಡಿದ್ರೆ?"

"ನಿಧಾನ ಮಾಡೋಕೆ ಆ ಮನುಷ್ಯ ಬಿಡ್ಬೇಕಲ್ಲ!"

ಬಿಡುವುದಿಲ್ಲ. ಮಂಡಿ ಮುಗಿಸಿಕೊಂಡು ಒಂಬತ್ತೂವರೆಗೆ ಬಂದೇಬಿಡುತ್ತಾರೆ. ದಿನಕ್ಕೆ ಹತ್ತು ನಿಮಿಷವಾದರೂ ಗಂಟಲಿಗೆ ಬಿಡುವು ಕೊಡಿ ಎಂದು ಡಾಕ್ಟರು ಹೇಳಿದ್ದಾರಂತೆ. ಅದನ್ನು ನನ್ನ ಪಕ್ಕ ಬೆಂಚಿನಲ್ಲಿ ಕೂತು ಕಳೆಯುತ್ತಾರೆ. ಇಬ್ಬರೂ ಕಣ್ಣು ಮುಚ್ಚಿ ಉಸಿರು ನೋಡುತ್ತೇವೆ. ಇಬ್ಬರ ಕಿವಿಯೂ ಕೆಂಪಗಿರುತ್ತದೆ. ಹತ್ತು ನಿಮಿಷ ಮುಗಿದದ್ದೇ ತಡ:

"ನಿನ್ನೆ ಹದಿನೇಳನೇ ನಂಬರಿನ ಅಜ್ಜಿ ಮಾತು ಮುಗಿಸೋಕೆ ಮುಂಚೆ ಪೆನ್ನು ಮುಚ್ಚಿದೆ. ನೋಡಿದೆ ನಾನು!"

"ಹನ್ನೆರಡು ಸಲ ಅದನ್ನೇ ಹೇಳ್ತಿದ್ರು ಮಾರಾಯ್ರೇ!"

"ಹದಿಮೂರನೇ ಸಲ ಕೇಳು! ನಿನ್ನ ಗಂಟೇನು ಹೋಗುತ್ತೆ?"

ಅವರ ಭಯಕ್ಕೆ ಎರಡು ತಿಂಗಳಲ್ಲಿ ಮುನ್ನೂರು ದೂರು ನಿಜವಾಗಿಯೂ ಸರಿಹೋದವು. ನಾನು ಕ್ಯಾಲೆಂಡರಿನಲ್ಲಿ ಪಂಪ್‌ಹೌಸಿನ ದಿನ ಎಣಿಸುತ್ತಾ, ಮಗಳಿಗೆ ತಾನೇ ಜಡೆ ಹಾಕಿಕೊಳ್ಳುವುದನ್ನು ಕಲಿಸಲು ಶುರುಮಾಡಿದ್ದೆ. ಅಷ್ಟರಲ್ಲಿ ನೀರಿನ ಕಚೇರಿಯಲ್ಲಿ ತಲೆ ಎತ್ತಿ ನೋಡುತ್ತಾರಂತೆ, ಹೇಳಿದ್ದು ಕೇಳಿಸಿಕೊಳ್ಳುತ್ತಾರಂತೆ ಎಂಬ ಸುದ್ದಿ ಊರೆಲ್ಲ ಹಬ್ಬಿತು. ವರ್ಷಗಟ್ಟಲೆ ದೂರು ಕೊಡುವುದನ್ನೇ ಬಿಟ್ಟಿದ್ದವರೆಲ್ಲ ಎದ್ದು ಬಂದರು. ಹತ್ತು ಮುಗಿಸಿದರೆ ಹದಿನೈದು ಹೊಸವು. ಬೈಗುಳವೂ ಅಷ್ಟೇ ಹೊಸದು, ಬಾಯಿ ತುಂಬ. ನಿನ್ನೆ ಸಂಜೆ ಲೆಕ್ಕ ಹಾಕಿದೆ. ಬಾಕಿ ಒಂದು ಸಾವಿರದ ನೂರ ಆರು.

ಈ ಊರಿನ ಕೊಳವೆಗಳನ್ನು ಹಾಕಿದ ಪುಣ್ಯಾತ್ಮರು ಎಲ್ಲಿದ್ದರೂ ತಣ್ಣಗಿರಲಿ. ಅವು ಸೋರುತ್ತಿರುವಷ್ಟು ಕಾಲ ನನ್ನ ಮಗಳು ಶಾಲೆಗೆ ತಡವಾಗಿ ಹೋಗುವುದಿಲ್ಲ.